ಕ್ಯೋಟೊದಲ್ಲಿ ಒಳ್ಳೆ ಮಚ್ಚಾ ಎಲ್ಲಿ ಸಿಗುತ್ತೆ?

ಹೋದ ತಿಂಗಳು ಗೆಳೆಯನೊಬ್ಬ ಮೇಲ್ ಹಾಕಿದ್ದ. "ನಾಲ್ಕು ದಿನ ಕ್ಯೋಟೊದಲ್ಲಿ ಇರ್ತೀನಿ ಮಾರಾಯ, ಒಳ್ಳೆ ಮಚ್ಚಾ ಎಲ್ಲಿ ಸಿಗುತ್ತೆ, ಎರಡು ಮೂರು ಅಂಗಡಿ ಹೆಸರು ಬರೆದು ಕಳಿಸು" ಅಂತ. ಹೆಸರು ಕೊಡೋದು ಸುಲಭ, ಎರಡು ಸಾಲಿನಲ್ಲಿ ಮುಗಿಯೋ ಕೆಲಸ. ಆದರೆ "ಒಳ್ಳೆ" ಅನ್ನೋ ಪದ ಇದೆ ನೋಡಿ, ಅದೇ ತೊಂದರೆ. ಯಾವುದು ಒಳ್ಳೆ ಮಚ್ಚಾ, ಅದನ್ನ ಯಾರು ಕುಡೀಬೇಕು ಅಂತ ಆ ಊರಿನವರು ಏಳೆಂಟು ನೂರು ವರ್ಷದಿಂದ ಜಗಳ ಆಡಿದ್ದಾರೆ, ಬಾಜಿ ಕಟ್ಟಿದ್ದಾರೆ, ಕಾನೂನು ಮಾಡಿದ್ದಾರೆ. ಅವನಿಗೆ ಎರಡು ಸಾಲು ಕಳಿಸಿದೆ. ಉಳಿದದ್ದು ಇಲ್ಲಿದೆ :)

ಮೊದಲೇ ಹೇಳಿಬಿಡ್ತೀನಿ, ಇದು ನಮ್ಮ ಬೆಂಗಳೂರು ಹುಡುಗರು ಹೆಗಲ ಮೇಲೆ ಕೈ ಹಾಕಿ ಕರೆಯೋ "ಮಚ್ಚಾ" ಅಲ್ಲ. ಜಪಾನಿ ಭಾಷೆಯಲ್ಲಿ "ಮತ್" ಅಂದ್ರೆ ಪುಡಿ ಮಾಡಿದ್ದು, "ಚಾ" ಅಂದ್ರೆ ಚಾ. ಹುಬ್ಬಳ್ಳಿ ಧಾರವಾಡದ ಕಡೆ "ಒಂದ್ ಕಪ್ ಚಾ ಕೊಡ್ರಿ" ಅಂತಾರಲ್ಲ, ಅದೇ ಚಾ. ಚೀನಾದಿಂದ ಒಂದು ಪದ ಪೂರ್ವಕ್ಕೂ ಹೋಯ್ತು, ಪಶ್ಚಿಮಕ್ಕೂ ಬಂತು. ನಾವು ಸೊಪ್ಪನ್ನ ಕುದಿಸಿ, ಸೋಸಿ, ಚರಟ ಎಸೀತೀವಿ. ಮಚ್ಚಾದಲ್ಲಿ ಎಸೆಯೋದು ಏನೂ ಇಲ್ಲ. ಎಲೆಯನ್ನೇ ನುಣ್ಣಗೆ ಬೀಸಿ, ಬಿಸಿನೀರಲ್ಲಿ ಕಡೆದು, ಎಲೆ ಸಮೇತ ಕುಡಿಯೋದು. ಹಾಗಾಗಿ ಎಲೆ ಕೆಟ್ಟದಿದ್ರೆ ಮುಚ್ಚಿಡೋಕೆ ಜಾಗವೇ ಇಲ್ಲ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಜಪಾನಿಗೆ ಚಹಾ ಬಂದದ್ದು ಬಹಳ ಹಿಂದೆ. 815ರಲ್ಲಿ ಎಯ್ಚೂ ಅನ್ನೋ ಭಿಕ್ಷು ಸಾಗಾ ಚಕ್ರವರ್ತಿಗೆ ಚಹಾ ಮಾಡಿಕೊಟ್ಟ ಅಂತ ಅಲ್ಲಿನ ರಾಜವೃತ್ತಾಂತದಲ್ಲಿ ದಾಖಲೆ ಇದೆ. ಆದ್ರೆ ಅದು ಪುಡಿಚಹಾ ಅಲ್ಲ, ಮತ್ತು ಅದು ಅರಮನೆ, ಮಠ ಬಿಟ್ಟು ಹೆಚ್ಚು ಹೊರಗೆ ಬರಲೂ ಇಲ್ಲ. ಎಲೆಯನ್ನ ಬೀಸಿ, ಬಟ್ಟಲಲ್ಲಿ ಕಡೆದು ಕುಡಿಯೋದು ಚೀನಾದ ಸೋಂಗ್ ವಂಶದ ಕಾಲದ ಫ್ಯಾಷನ್. ಹುಯ್‌ಜೋಂಗ್ ಅನ್ನೋ ಚಕ್ರವರ್ತಿ ಚಹಾದ ಬಗ್ಗೆ ತಾನೇ ಒಂದು ಗ್ರಂಥ ಬರೆದಿದ್ದ ಅಂದ್ರೆ ಆ ಹುಚ್ಚು ಎಷ್ಟಿತ್ತು ನೋಡಿ. ಅಲ್ಲಿಗೆ ಝೆನ್ ಕಲಿಯೋಕೆ ಎರಡು ಸಲ ಹೋದವನು ಎಯ್ಸಾಯಿ ಅನ್ನೋ ಜಪಾನಿ ಭಿಕ್ಷು. ಎರಡನೇ ಸಲ ಹೋಗಿ 1191ರಲ್ಲಿ ವಾಪಸ್ ಬರುವಾಗ ಚಹಾ ಬೀಜವನ್ನೂ ಕಡೆಯೋ ಪದ್ಧತಿಯನ್ನೂ ತಂದ ಅನ್ನೋದು ಪರಂಪರೆಯ ಮಾತು. 1202ರಲ್ಲಿ ಕ್ಯೋಟೊದಲ್ಲಿ ಕೆನ್ನಿನ್‌ಜಿ ಮಠ ಕಟ್ಟಿದ. 1211ರಲ್ಲಿ ಚಹಾ ಕುಡಿದು ಆರೋಗ್ಯ ಕಾಪಾಡಿಕೊಳ್ಳೋದು ಹೇಗೆ ಅಂತ "ಕಿಸ್ಸಾ ಯೋಜೋಕಿ" ಅನ್ನೋ ಪುಸ್ತಕ ಬರೆದ.

ತಮಾಷೆ ಏನು ಗೊತ್ತಾ? 1214ರಲ್ಲಿ ಕಾಮಾಕುರದ ಶೋಗನ್ ಸಾನೆತೊಮೊಗೆ ಹುಷಾರಿರಲಿಲ್ಲ. ಹಿಂದಿನ ರಾತ್ರಿ ಕುಡಿದದ್ದು ಇಳಿದಿರಲಿಲ್ಲ ಅಂತ ಕಾಣುತ್ತೆ. ಎಯ್ಸಾಯಿ ಒಂದು ಬಟ್ಟಲು ಚಹಾ ಕೊಟ್ಟು, ಜೊತೆಗೆ ಚಹಾದ ಗುಣ ಹೊಗಳೋ ಒಂದು ಸುರುಳಿಯನ್ನೂ ಕೊಟ್ಟ ಅಂತ "ಅಜುಮಾ ಕಾಗಾಮಿ" ಎಂಬ ಆ ಕಾಲದ ವೃತ್ತಾಂತ ಹೇಳುತ್ತೆ. ಅಂದ್ರೆ ಇವತ್ತು ಇಡೀ ಪ್ರಪಂಚ ಕಣ್ಣು ಮುಚ್ಚಿ ಧ್ಯಾನದ ಪೇಯ ಅಂತ ಹೊಗಳೋ ಮಚ್ಚಾ, ದಾಖಲೆಯಲ್ಲಿ ಮೊದಮೊದಲು ಮಿಂಚಿದ್ದು ಹ್ಯಾಂಗೋವರ್ ಔಷಧಿಯಾಗಿ :)

ಅದರ ಹಿಂದೇನೇ ಬರೋ ಪ್ರಶ್ನೆ, ಯಾವ ಗುಡ್ಡದ ಚಹಾ? ಎಯ್ಸಾಯಿ ತಾನು ತಂದ ಬೀಜದಲ್ಲಿ ಒಂದಿಷ್ಟನ್ನ ಮ್ಯೋಎ ಅನ್ನೋ ಇನ್ನೊಬ್ಬ ಭಿಕ್ಷುಗೆ ಕೊಟ್ಟನಂತೆ. ಮ್ಯೋಎ ಇದ್ದದ್ದು ಕ್ಯೋಟೊದ ವಾಯವ್ಯಕ್ಕೆ ತೊಗಾನೋ ಬೆಟ್ಟದ ಕೋಜಾನ್‌ಜಿ ಮಠದಲ್ಲಿ. ಅಲ್ಲಿ ಬೆಳೆದ ಚಹಾ ಎಷ್ಟು ಹೆಸರು ಮಾಡಿತು ಅಂದ್ರೆ, ಅದಕ್ಕೆ "ಹೊಂಚಾ", ನಿಜವಾದ ಚಹಾ ಅಂತಲೇ ಹೆಸರಾಯ್ತು. ಬೇರೆ ಕಡೆಯದೆಲ್ಲ "ಹಿಚಾ", ಅಂದ್ರೆ ಅದಲ್ಲದ ಚಹಾ! ಹದಿನಾಲ್ಕನೇ ಶತಮಾನದ ಹೊತ್ತಿಗೆ ಸಾಮಂತರು ಸಾಲಾಗಿ ಕೂತು ಬಟ್ಟಲು ಮೇಲೆ ಬಟ್ಟಲು ಕುಡಿದು, ಇದು ನಿಜವಾದದ್ದೋ ಅಲ್ಲವೋ ಅಂತ ಊಹಿಸಿ ಬಾಜಿ ಕಟ್ಟೋ ಆಟ ಶುರುವಾಯ್ತು. ಅದಕ್ಕೆ "ತೋಚಾ" ಅಂತಾರೆ. ಜೂಜು ಯಾವ ಮಟ್ಟಕ್ಕೆ ಹೋಗಿತ್ತು ಅಂದ್ರೆ 1336ರಲ್ಲಿ ಆಶಿಕಾಗ ಸರ್ಕಾರ ತನ್ನ ಹೊಸ ಕಾನೂನಿನಲ್ಲಿ ಚಹಾ ಕೂಟದ ಹೆಸರಲ್ಲಿ ಬಾಜಿ ಕಟ್ಟೋದನ್ನ ಖಂಡಿಸಬೇಕಾಯ್ತು. ಇವತ್ತು ಡಬ್ಬಿ ಮೇಲೆ "ಅಸಲಿ ಉಜಿ ಮಚ್ಚಾ" ಅಂತ ಬರೆದಿದ್ದು ಕಂಡಾಗೆಲ್ಲ ನನಗೆ ಈ ಬಾಜಿಯವರೇ ನೆನಪಾಗೋದು. ಹೆಸರಿನ ಮೇಲೆ ದುಡ್ಡು ಕಟ್ಟೋ ಅಭ್ಯಾಸ ಹೊಸದೇನಲ್ಲ.

ಇಷ್ಟು ಹೊತ್ತು ಬರೀ ದೊಡ್ಡವರ ಕಥೆ ಆಯ್ತು. ನನಗೆ ತುಂಬಾ ಇಷ್ಟವಾದ ದಾಖಲೆ ಬೇರೆ ಇದೆ.

ಕ್ಯೋಟೊ ರೈಲು ನಿಲ್ದಾಣದಿಂದ ನೈಋತ್ಯಕ್ಕೆ ಕಾಲು ಗಂಟೆ ನಡೆದ್ರೆ ತೋಜಿ ದೇವಾಲಯ. ಐದು ಅಂತಸ್ತಿನ ಗೋಪುರ ದೂರದಿಂದಲೇ ಕಾಣುತ್ತೆ. ಈ ದೇವಾಲಯದಲ್ಲಿ ಸಾವಿರಾರು ಹಳೆ ಕಾಗದ ಪತ್ರಗಳನ್ನ ಜೋಪಾನ ಮಾಡಿಟ್ಟಿದ್ದರು. 2015ರಲ್ಲಿ ಯುನೆಸ್ಕೊ ಅದನ್ನ ವಿಶ್ವದ ಸ್ಮೃತಿ ಪಟ್ಟಿಗೆ ಸೇರಿಸಿತು. ಅದರಲ್ಲಿ 1403ರದ್ದು ಒಂದು ಮುಚ್ಚಳಿಕೆ ಇದೆ. ಬರೆದುಕೊಟ್ಟವರು ದೇವಾಲಯದ ದಕ್ಷಿಣದ ಹೆಬ್ಬಾಗಿಲ ಮುಂದೆ ಚಹಾ ಮಾರ್ತಿದ್ದವರು. "ಇಪ್ಪುಕು ಇಸ್ಸೆನ್" ಅಂತ ಅವರ ಚಹಾಕ್ಕೆ ಹೆಸರು. ಒಂದು ಬಟ್ಟಲು, ಒಂದು ಕಾಸು. ಮುಚ್ಚಳಿಕೆಯಲ್ಲಿ ಏನಿದೆ ಅಂತೀರಾ? ನಾವು ಬಾಗಿಲ ಹತ್ತಿರ ವಾಸ ಮಾಡಲ್ಲ, ನಮ್ಮ ಸಾಮಾನು ಸರಂಜಾಮು ಒಳಗೆ ತಂದಿಡಲ್ಲ, ದೇವರ ಮುಂದಿನ ಬೆಂಕಿಯನ್ನ ಒಲೆಗೆ ತಗೊಳ್ಳಲ್ಲ, ಒಳಗಿನ ಪವಿತ್ರ ಬಾವಿಯ ನೀರು ಸೇದಲ್ಲ ಅಂತ. ಮಾಡಲ್ಲ ಅಂತ ಬರೆಸಿಕೊಂಡಿದ್ದಾರೆ ಅಂದ್ರೆ ಅಲ್ಲಿವರೆಗೂ ಇಷ್ಟೂ ಮಾಡ್ತಾನೇ ಇದ್ರು ಅಂತ ಅರ್ಥ ತಾನೇ! ದೇವರ ದೀಪದಿಂದ ಕೆಂಡ, ದೇವರ ಬಾವಿಯಿಂದ ನೀರು, ಒಂದು ಕಾಸಿಗೆ ಬಿಸಿಬಿಸಿ ಬಟ್ಟಲು. ರಸ್ತೆಬದಿ ಗಾಡಿಯವರಿಗೂ ದೇವಸ್ಥಾನದ ಆಡಳಿತಕ್ಕೂ ನಡೆಯೋ ಗುದ್ದಾಟ ಯಾವ ದೇಶದಲ್ಲೂ ಯಾವ ಕಾಲದಲ್ಲೂ ಒಂದೇ ಥರ.

ಆಮೇಲಿನ ಕಾಲದ ಚಿತ್ರಗಳಲ್ಲಿ ಈ ಮಾರಾಟಗಾರ ಬಟ್ಟಲು ಹಿಡಿದು ಬಿದಿರಿನ ಕಡಗೋಲಿನಲ್ಲಿ ಕಡೀತಾ ಕೂತಿರ್ತಾನೆ. ಅಂದ್ರೆ ಅವನು ಕೊಡ್ತಿದ್ದದ್ದೂ ಪುಡಿ ಕಡೆದ ಚಹಾನೇ. ಒಳ್ಳೆ ಎಲೆ ಆಗಿರಲಿಕ್ಕಿಲ್ಲ. ಆದ್ರೆ ಯಾತ್ರೆಗೆ ನಡೆದು ಬಂದು ಕಾಲು ನೋವಾಗಿ ಕೂತವನಿಗೆ ಅದಕ್ಕಿಂತ ಒಳ್ಳೆ ಮಚ್ಚಾ ಇನ್ನೆಲ್ಲಿ? "ಮಚ್ಚಾ ಅಂದ್ರೆ ಶ್ರೀಮಂತರ, ಸಂನ್ಯಾಸಿಗಳ ಪೇಯ" ಅನ್ನೋರಿಗೆ ಈ ಒಂದು ಕಾಗದ ತೋರಿಸಬೇಕು. ಈಗಲೂ ಪ್ರತಿ ತಿಂಗಳು 21ಕ್ಕೆ ತೋಜಿ ಅಂಗಳದಲ್ಲಿ ದೊಡ್ಡ ಸಂತೆ ಸೇರುತ್ತೆ. ಹಳೆ ಬಟ್ಟಲು, ಕೆಟಲ್, ಕಿಮೋನೊ ಎಲ್ಲ ಮಾರ್ತಾರೆ. ಒಸಾಕಾದಲ್ಲಿ ಕೆಲಸದ ಮೇಲೆ ಇದ್ದ ದಿನಗಳಲ್ಲಿ 21ನೇ ತಾರೀಕು ರಜಾ ದಿನ ಬಂದ್ರೆ ನಾನು ಮೊದಲು ಓಡ್ತಿದ್ದದ್ದು ಅಲ್ಲಿಗೇನೇ.

ಅತ್ತ ತೊಗಾನೋ ಹಿಂದೆ ಬಿತ್ತು, ಉಜಿ ಮುಂದೆ ಬಂತು. ಉಜಿ ಅನ್ನೋದು ಕ್ಯೋಟೊದ ದಕ್ಷಿಣಕ್ಕೆ ನದಿ ದಡದ ಸಣ್ಣ ಊರು. ಬೀಜ ಹೇಗೆ ಬಿತ್ತಬೇಕು ಅಂತ ಗೊತ್ತಾಗದೆ ನಿಂತಿದ್ದ ರೈತರ ಮುಂದೆ ಮ್ಯೋಎ ಕುದುರೆ ಓಡಿಸಿ, ಗೊರಸಿನ ಗುರುತು ಬಿದ್ದಲ್ಲೆಲ್ಲ ಬೀಜ ಹಾಕಿ ಅಂದನಂತೆ. ಅದರ ನೆನಪಿಗೆ ಒಂದು ಕಲ್ಲು ಮಾನ್‌ಪುಕುಜಿ ಮಠದ ಬಾಗಿಲ ಹತ್ತಿರ ಇದೆ. ಕಥೆ ಕಥೆಯೇ. ಆದ್ರೆ ಆಶಿಕಾಗ ಯೋಶಿಮಿತ್ಸು ಕಾಲಕ್ಕೆ ಉಜಿಯ ತೋಟಗಳಿಗೆ ಶೋಗನ್ನನ ಆಸರೆ ಸಿಕ್ಕಿತ್ತು. ಕ್ರಮೇಣ ನಿಜವಾದ ಚಹಾ ಅನ್ನೋ ಬಿರುದೂ ಇಲ್ಲಿಗೇ ಇಳಿದು ಬಂತು. ಉಜಿಯ ಪ್ರಸಿದ್ಧ ಏಳು ತೋಟಗಳಲ್ಲಿ ಇವತ್ತು ಉಳಿದಿರೋದು ಒಂದೇ ಒಂದು, ಓಕುನೊಯಾಮಾ. ಮಿಕ್ಕವು ಮನೆ, ರಸ್ತೆ ಆಗಿ ಹೋದವು.

ಉಜಿಯವರ ನಿಜವಾದ ಗುಟ್ಟು ಚಪ್ಪರ. ಹದಿನಾರನೇ ಶತಮಾನದ ಹೊತ್ತಿಗೆ ಅವರು ಚಿಗುರು ಬರೋ ಕಾಲಕ್ಕೆ ಇಡೀ ತೋಟದ ಮೇಲೆ ಬಿದಿರ ಚಪ್ಪರ ಕಟ್ಟಿ, ಜೊಂಡಿನ ಚಾಪೆ ಹಾಸಿ, ಮೇಲೆ ಹುಲ್ಲು ಹರಡ್ತಿದ್ರು. ಆ ಕಾಲದಲ್ಲಿ ಜಪಾನಿನಲ್ಲಿದ್ದ ಜೊವಾವ್ ರೊಡ್ರಿಗೆಸ್ ಅನ್ನೋ ಪೋರ್ಚುಗೀಸ್ ಪಾದ್ರಿ ಇದನ್ನ ಕಣ್ಣಾರೆ ಕಂಡವನ ಹಾಗೆ ಬರೆದಿಟ್ಟಿದ್ದಾನೆ. ಮಂಜಿನಿಂದ ಚಿಗುರು ಉಳಿಸೋಕೆ ಶುರುವಾದ ಉಪಾಯ ಇರಬಹುದು ಅಂತಾರೆ. ಆದ್ರೆ ಫಲ ಸಿಕ್ಕಿದ್ದು ರುಚಿಯಲ್ಲಿ. ಕಾರಣ ಗೊತ್ತಾಗಿದ್ದು ಬಹಳ ತಡವಾಗಿ. ಚಹಾ ಗಿಡದ ಬೇರಲ್ಲಿ ಥಿಯಾನಿನ್ ಅನ್ನೋ ಅಮೈನೊ ಆಮ್ಲ ತಯಾರಾಗಿ ಎಲೆಗೆ ಏರುತ್ತೆ. ಬಿಸಿಲು ಬಿದ್ರೆ ಅದು ಒಡೆದು ಕಹಿ, ಒಗರಿನ ಕ್ಯಾಟೆಕಿನ್ ಹೆಚ್ಚಾಗುತ್ತೆ. ನೆರಳಿದ್ರೆ ಥಿಯಾನಿನ್ ಹಾಗೇ ಉಳಿಯುತ್ತೆ, ಬೆಳಕು ಸಾಲದ ಎಲೆ ಹಸಿರು ಬಣ್ಣವನ್ನ ಹೆಚ್ಚು ಮಾಡಿಕೊಳ್ಳುತ್ತೆ. ಅದಕ್ಕೇ ಒಳ್ಳೆ ಮಚ್ಚಾ ಗಾಢ ಹಸಿರು, ನಾಲಿಗೆಗೆ ಒಂಥರಾ ಸಿಹಿ. ಮೂರು ನಾಲ್ಕು ವಾರದ ಕತ್ತಲೆಯ ರುಚಿ ಅದು.

ಮೇ ತಿಂಗಳ ಹೊತ್ತಿಗೆ ಕಿತ್ತ ಎಲೆಯನ್ನ ತಕ್ಷಣ ಹಬೆಯಲ್ಲಿ ಬೇಯಿಸಿ, ಹೊಸೆಯದೆ ಹಾಗೇ ಒಣಗಿಸಿ, ನಾರು ದಂಟು ತೆಗೆದ್ರೆ ಸಿಗೋದು "ತೆಂಚಾ". ಇದನ್ನ ಬೀಸೋ ಕಲ್ಲಲ್ಲಿ ಹಾಕಿ ನಿಧಾನಕ್ಕೆ ತಿರುಗಿಸಿದ್ರೆ ಮಚ್ಚಾ. ನಮ್ಮ ಅಜ್ಜಿಯರ ರಾಗಿಕಲ್ಲಿನ ಚಿಕ್ಕ ತಮ್ಮ ಅನ್ನಿ. ಒಂದು ಕಲ್ಲು ಒಂದು ಗಂಟೆಗೆ ಕೊಡೋದು ಸುಮಾರು 40 ಗ್ರಾಂ! ಜೋರಾಗಿ ತಿರುಗಿಸಿದ್ರೆ ಕಲ್ಲು ಬಿಸಿಯಾಗಿ ಪರಿಮಳ ಹೋಗುತ್ತೆ. ಒಂದು ಬಟ್ಟಲಿಗೆ 2 ಗ್ರಾಂ ಅಂದ್ರೂ ಗಂಟೆಗೆ 20 ಬಟ್ಟಲು. ಈ ಲೆಕ್ಕ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಚಹಾಕೂಟ ಅಂದ ಕೂಡಲೆ ಎಲ್ಲರೂ ಹೇಳೋ ಹೆಸರು ಸೆನ್ ನೊ ರಿಕ್ಯು. 1522ರಿಂದ 1591ರವರೆಗೆ ಬದುಕಿದವ. ಎರಡು ಚಾಪೆ ಅಗಲದ ಕೋಣೆ, ಒರಟು ಬಟ್ಟಲು, ಒಂದು ಹೂವು, ಸಾಕು ಅಂದವ. ಅವನ ದಣಿ ತೊಯೊತೊಮಿ ಹಿದೆಯೋಶಿ ಅದಕ್ಕೆ ಪೂರಾ ಉಲ್ಟಾ, ಬಂಗಾರದ ತಗಡು ಹೊದಿಸಿದ ಚಹಾಕೋಣೆ ಮಾಡಿಸಿಕೊಂಡವ. ಆದ್ರೆ ಈ ಹಿದೆಯೋಶಿ 1587ರಲ್ಲಿ ಒಂದು ಕೆಲಸ ಮಾಡಿದ. ಕ್ಯೋಟೊದ ಕಿತಾನೊ ತೆನ್‌ಮಾಂಗು ದೇವಾಲಯದ ಬಯಲಿನಲ್ಲಿ ಹತ್ತು ದಿನದ ಮಹಾ ಚಹಾಕೂಟ ಅಂತ ಡಂಗುರ ಹೊಡೆಸಿದ. ಆಳು, ಪೇಟೆಯವ, ರೈತ ಯಾರು ಬೇಕಾದ್ರೂ ಬರಬಹುದು. ಒಂದು ಕೆಟಲ್, ಒಂದು ಬಟ್ಟಲು ತಂದ್ರೆ ಸಾಕು. ಚಹಾ ಇಲ್ಲದವರು ಹುರಿಹಿಟ್ಟು ಕದಡಿಕೊಂಡು ಕುಡೀಬಹುದು! ಆದ್ರೆ ಬರದೇ ಇದ್ದವರು ಇನ್ನು ಮುಂದೆ ಆ ಹುರಿಹಿಟ್ಟನ್ನೂ ಕದಡೋ ಹಾಗಿಲ್ಲ ಅಂತಲೂ ಸೇರಿಸಿದ. ಕರೆಯೋದ್ರಲ್ಲೂ ಬೆದರಿಕೆ. ಹತ್ತು ದಿನದ ಕೂಟ ಒಂದೇ ದಿನಕ್ಕೆ ಮುಗೀತು. ನಾಲ್ಕು ವರ್ಷದ ಮೇಲೆ ಅದೇ ಹಿದೆಯೋಶಿಯ ಅಪ್ಪಣೆಯಂತೆ ರಿಕ್ಯು ಹೊಟ್ಟೆ ಸೀಳಿಕೊಂಡು ಸಾಯಬೇಕಾಯ್ತು. ರಿಕ್ಯುವಿನ ಮನೆತನದಿಂದ ಬಂದ ಮೂರು ಶಾಖೆಗಳು, ಓಮೊತೆಸೆಂಕೆ, ಉರಾಸೆಂಕೆ, ಮುಶಾಕೋಜಿಸೆಂಕೆ, ಇವತ್ತಿಗೂ ಕ್ಯೋಟೊದಲ್ಲೇ ಇವೆ.

ತೊಕುಗಾವಾ ಶೋಗನ್ನರ ಕಾಲದಲ್ಲಿ ಒಳ್ಳೆ ಮಚ್ಚಾ ಪೂರ್ತಿ ದೊಡ್ಡವರ ಸೊತ್ತಾಯ್ತು. ಚಪ್ಪರ ಕಟ್ಟಿ ಬೆಳೆಯೋ ಹಕ್ಕು ಉಜಿಯ ಕೆಲವು ಚಹಾ ಮನೆತನಗಳಿಗೆ ಮಾತ್ರ. 1633ರಿಂದ ಪ್ರತಿ ವರ್ಷ ಶೋಗನ್ನನ ಜಾಡಿಗಳು ಎಡೋಗೆ, ಅಂದ್ರೆ ಇವತ್ತಿನ ಟೋಕಿಯೋಗೆ, ಮೆರವಣಿಗೆಯಲ್ಲಿ ಹೋಗ್ತಿದ್ವು. ಜಾಡಿ ಬಂದ್ರೆ ದಾರಿಯಲ್ಲಿ ರೈತರು ಕೆಲಸ ಬಿಟ್ಟು ನೆಲಕ್ಕೆ ತಲೆ ಹಚ್ಚಬೇಕು. ಮನುಷ್ಯರಿಗಲ್ಲ, ಚಹಾ ಜಾಡಿಗೆ! ಜಪಾನಿನ ಮಕ್ಕಳು ಇವತ್ತಿಗೂ ಹಾಡೋ ಒಂದು ಆಟದ ಹಾಡು ಈ ಜಾಡಿಗಳ ಭಯಕ್ಕೆ ಬಾಗಿಲು ಹಾಕಿಕೊಂಡು ಕೂತವರ ಬಗ್ಗೆ ಅಂತ ಹೇಳ್ತಾರೆ. 1867ರವರೆಗೂ ಇದು ನಡೀತು. ನೆರಳಿನ ಹಕ್ಕು ಇಲ್ಲದವರು ಬೇರೆ ದಾರಿ ಹುಡುಕಿದರು. 1738ರಲ್ಲಿ ಉಜಿತಾವರದ ನಾಗಾತಾನಿ ಸೋಎನ್ ಬಿಸಿಲಲ್ಲಿ ಬೆಳೆದ ಎಲೆಯನ್ನೇ ಹಬೆಯಲ್ಲಿ ಬೇಯಿಸಿ, ಹೊಸೆದು, ಒಣಗಿಸಿ "ಸೆಂಚಾ" ಮಾಡಿದ. ಜಪಾನಿನ ಮನೆಮನೆಗಳಲ್ಲಿ ದಿನಾ ಕುಡಿಯೋ ಹಸಿರು ಚಹಾ ಆದದ್ದು ಇದು.

ಆಮೇಲೆ ಶೋಗನ್ ಹೋದ, ಸಾಮಂತರು ಹೋದರು, 1869ರಲ್ಲಿ ಚಕ್ರವರ್ತಿಯೂ ಟೋಕಿಯೋಗೆ ಹೋದ. ಕ್ಯೋಟೊ ಖಾಲಿ ಖಾಲಿ. ಉಜಿಯ ಮನೆತನಗಳಿಗೆ ಗಿರಾಕಿಗಳೇ ಇಲ್ಲ. ಊರು ಉಳಿಸಿಕೊಳ್ಳೋಕೆ ಕ್ಯೋಟೊದವರು ವಸ್ತುಪ್ರದರ್ಶನ ಏರ್ಪಡಿಸಿದರು. 1872ರ ಪ್ರದರ್ಶನಕ್ಕೆ ವಿದೇಶಿಯರು ಬರ್ತಾರೆ, ಅವರಿಗೆ ಮಂಡಿ ಊರಿ ಕೂರೋಕೆ ಆಗಲ್ಲ ಅಂತ ಉರಾಸೆಂಕೆಯ ಹನ್ನೊಂದನೇ ಗುರು ಗೆಂಗೆನ್ಸಾಯ್ ಮೇಜು, ಕುರ್ಚಿ ಹಾಕಿ ಮಚ್ಚಾ ಕೊಡೋ ಪದ್ಧತಿ ರೂಪಿಸಿದ. ಅದೇ ವರ್ಷ ಶುರುವಾದ ಗಿಯೋನ್‌ನ ಮಿಯಾಕೊ ಒದೊರಿ ನೃತ್ಯೋತ್ಸವದಲ್ಲಿ ಈಗಲೂ ಏಪ್ರಿಲ್‌ನಲ್ಲಿ ಆಟ ಶುರುವಾಗೋ ಮೊದಲು ಹಾಗೇ ಮೇಜಿನ ಮೇಲೆ ಚಹಾ ಕಡೆದು ಕೊಡ್ತಾರೆ. "ಪ್ರವಾಸಿಗಳಿಗೋಸ್ಕರ ಮಚ್ಚಾ ಕೆಡ್ತು" ಅಂತ ಗೊಣಗೋರು ಇದನ್ನ ನೆನಪಿಟ್ಟುಕೊಳ್ಳಬೇಕು. ಕಷ್ಟಕಾಲದಲ್ಲಿ ಕ್ಯೋಟೊದವರು ಬದುಕೋಕೆ ಹುಡುಕಿದ ದಾರಿಗಳಲ್ಲಿ ಪ್ರವಾಸಿಯೂ ಒಬ್ಬ.

ಸರಿ, ಈಗ ಅಂಗಡಿಗಳಿಗೆ ಬರೋಣ. ಹಳಬರು ಇನ್ನೂ ಇದ್ದಾರೆ.

ಊರೊಳಗೆ ಕುಡಿಯೋದಾದ್ರೆ ತೆರಾಮಾಚಿ ಬೀದಿಯ ಇಪ್ಪೋದೊ. 1717ರಿಂದ ಇರೋ ಅಂಗಡಿ. 1846ರಲ್ಲಿ ರಾಜಮನೆತನದವರೊಬ್ಬರು ಇವರ ಚಹಾ ಮೆಚ್ಚಿ ಇಪ್ಪೋದೊ ಅನ್ನೋ ಹೆಸರು ಕೊಟ್ಟರಂತೆ. ಅಂಗಡಿ ಪಕ್ಕದಲ್ಲೇ ಚಹಾಕೋಣೆ. ತೆಳು ಮಚ್ಚಾ "ಉಸುಚಾ", ದಪ್ಪ ಮಚ್ಚಾ "ಕೊಯ್‌ಚಾ" ಎರಡೂ ಸಿಗುತ್ತೆ. ಕೊಯ್‌ಚಾ ಅಂದ್ರೆ ಎರಡರಷ್ಟು ಪುಡಿ, ಅರ್ಧದಷ್ಟು ನೀರು. ನಮ್ಮ ರಾಗಿ ಗಂಜಿಯಷ್ಟು ಗಟ್ಟಿ. ಮೊದಲ ಸಲಕ್ಕೆ ಉಸುಚಾನೇ ಸಾಕು. ನಿಶಿನೊತೋಯಿನ್ ಬೀದಿಯಲ್ಲಿ ಮಾರುಕ್ಯು ಕೊಯಾಮಾಎನ್ ಅವರ ಅಂಗಡಿ, ಒಳಗೆ ಪುಟ್ಟ ಚಹಾಕೋಣೆ. ಇವರ ಮೂಲ ಉಜಿಯ ಓಗುರಾ, ಶುರುವಾದದ್ದು 1688ರಿಂದ 1704ರ ಗೆನ್ರೊಕು ಕಾಲದಲ್ಲಿ. ಐಸ್‌ಕ್ರೀಮು, ಜೆಲ್ಲಿ, ಪಾರ್ಫೆ ಬೇಕು ಅನ್ನೋರಿಗೆ ಗಿಯೋನ್‌ನ ಸಾರ್ಯೊ ತ್ಸುಜಿರಿ. ಮೂಲ ಅಂಗಡಿ 1860ರದ್ದು. ಸಿಹಿ ಮಚ್ಚಾನ ಕೀಳಾಗಿ ನೋಡಬೇಕಿಲ್ಲ, ಅದಕ್ಕೂ ಅದರದೇ ಇತಿಹಾಸ ಇದೆ. 1996ರಲ್ಲಿ ಹಾಗೆನ್ ಡಾಜ್ಸ್ ಜಪಾನಿನಲ್ಲಿ ಹಸಿರು ಚಹಾ ಐಸ್‌ಕ್ರೀಮ್ ತಂದ ಮೇಲೆ ಚಹಾಕೂಟ ಕಲಿಯದ ಎಷ್ಟೋ ಜನಕ್ಕೆ ಮಚ್ಚಾ ರುಚಿ ಹತ್ತಿದ್ದು ಚಮಚದಿಂದಲೇ.

ಅಂಗಡಿ ಬೇಡ, ಮಠ ಬೇಕು ಅನ್ನೋದಾದ್ರೆ ಎರಡು ಜಾಗ. ಗಿಯೋನ್‌ನ ಗದ್ದಲದ ಬೀದಿ ಮುಗಿಯೋ ಕಡೆ ಕೆನ್ನಿನ್‌ಜಿ. ಎಯ್ಸಾಯಿ ಕಟ್ಟಿದ ಮಠ. ಪ್ರತಿ ಏಪ್ರಿಲ್ 20ಕ್ಕೆ ಅಲ್ಲಿ "ಯೊತ್ಸುಗಾಶಿರಾ" ಅಂತ ಹಳೇ ಪದ್ಧತಿಯ ಕೂಟ. ಅತಿಥಿಗಳು ಪುಡಿ ಹಾಕಿದ ಬಟ್ಟಲು ಹಿಡಿದು ಕೂತಿರ್ತಾರೆ, ಭಿಕ್ಷು ಬಂದು ನಿಂತೇ ಬಿಸಿನೀರು ಹೊಯ್ದು, ಬಗ್ಗಿ ಕಡೆದು ಮುಂದೆ ಹೋಗ್ತಾನೆ. ರಿಕ್ಯುಗಿಂತ ಹಿಂದಿನ ರೀತಿ ಇದು. ಇನ್ನೊಂದು ಕೋಜಾನ್‌ಜಿ. ಕ್ಯೋಟೊ ನಿಲ್ದಾಣದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ದೇವದಾರು ಮರಗಳ ಮಧ್ಯೆ ಪುಟ್ಟ ಚಹಾ ತೋಟ, "ಜಪಾನಿನ ಅತಿ ಹಳೆ ಚಹಾ ತೋಟ" ಅಂತ ಕಲ್ಲು. ಪ್ರತಿ ನವೆಂಬರ್ 8ಕ್ಕೆ ಉಜಿಯವರು ಆ ವರ್ಷದ ಚಹಾ ತಂದು ಮ್ಯೋಎಗೆ ಅರ್ಪಿಸ್ತಾರೆ. ಬೀಜ ಕೊಟ್ಟ ಋಣ ಎಂಟು ನೂರು ವರ್ಷ ಆದ್ರೂ ಮರೆತಿಲ್ಲ.

ಅರ್ಧ ದಿನ ಇದ್ರೆ ಉಜಿಗೇ ಹೋಗಿ. ರೈಲಲ್ಲಿ ಅರ್ಧ ಗಂಟೆಯೊಳಗೆ ತಲುಪ್ತೀರಿ. ಸೇತುವೆ ಮೂಲೆಯಲ್ಲಿ ತ್ಸೂಎನ್ ಚಹಾ ಅಂಗಡಿ. 1160ರಿಂದ ಇದೀವಿ ಅಂತ ಆ ಮನೆತನದ ಮಾತು. ಸೇತುವೆ ಹತ್ತಿರ ಮುನ್ನೂರು ಯಾತ್ರಿಕರಿಗೆ ಚಹಾ ಕಡೆದು ಕಡೆದು ಸುಸ್ತಾಗಿ ಸತ್ತ ತ್ಸೂಎನ್ ಅನ್ನೋ ಚಹಾದವನ ಭೂತದ ಬಗ್ಗೆ ಒಂದು ಕ್ಯೋಗೆನ್ ಪ್ರಹಸನವೇ ಇದೆ. ಅವನ ಕಷ್ಟ ಇವತ್ತಿನ ಕೆಫೆ ಹುಡುಗರಿಗೆ ಚೆನ್ನಾಗಿ ಅರ್ಥ ಆಗುತ್ತೆ :) ರೈಲು ನಿಲ್ದಾಣದ ಹತ್ತಿರ 1854ರ ನಾಕಾಮುರಾ ತೋಕಿಚಿ. ನನ್ನ ಆಯ್ಕೆ ಇವೆರಡೂ ಅಲ್ಲ. ಬ್ಯೋದೋಯಿನ್ ದೇವಾಲಯದ ಪಕ್ಕ ನದಿ ದಡದಲ್ಲಿ ಉಜಿ ನಗರಸಭೆಯೇ ನಡೆಸೋ ತೈಹೋಆನ್ ಅನ್ನೋ ಚಹಾಮನೆ. ಚಹಾಕೂಟ ಕಲಿಸುವ ಗುರುಗಳು ಕೂತು ಮಾಡಿಕೊಡ್ತಾರೆ. ಮೊದಲು ಸಿಹಿ ತಿನ್ನಿ, ಅದು ಬಾಯಲ್ಲಿ ಕರಗಿದ ಮೇಲೆ ಬಟ್ಟಲು ಎತ್ತಿ. ಚಹಾದಲ್ಲಿ ಸಕ್ಕರೆ ಇಲ್ಲ, ಸಕ್ಕರೆ ಎಲ್ಲ ಆ ಸಿಹಿಯಲ್ಲಿ.

ಅಂಗಡಿ ಗೊತ್ತಿಲ್ಲದೆ ಎಲ್ಲೋ ನುಗ್ಗಿದ್ರೆ ಏನು ನೋಡಬೇಕು? ಬಣ್ಣ ಹಸಿರಿರಬೇಕು. ಹಳದಿ, ಮಾಸಲು ಪಾಚಿ ಬಣ್ಣ ಆದ್ರೆ ಹಳೇ ಪುಡಿ ಅಥವಾ ಬಿಸಿಲು ಕಂಡ ಎಲೆ. ವಾಸನೆ ತಾಜಾ ಇರಬೇಕು, ಒಣಹುಲ್ಲಿನ ಥರ ಅಲ್ಲ. ನಿಮ್ಮ ಮುಂದೆ ಕಡೀತಾರಾ ಅಂತ ನೋಡಿ. ಒಮ್ಮೆ ಒಂದು ಜನಜಂಗುಳಿಯ ಬೀದಿಯ ಕೆಫೆಯಲ್ಲಿ, ಹೆಸರು ಬೇಡ ಬಿಡಿ, ನನಗೆ ಸಿಕ್ಕಿದ್ದು ಸಕ್ಕರೆ ಸಮೇತ ಬರೋ ಪ್ಯಾಕೆಟ್ಟಿನ ಪುಡಿ. ಹಾಲು ಸಿಕ್ತು, ಸಿಹಿ ಸಿಕ್ತು, ಚಹಾ ಮಾತ್ರ ಸಿಗಲಿಲ್ಲ. ಇನ್ನೊಂದು ಮಾತು, ಈಗ ಎಲ್ಲ ಕಡೆ ಕಾಣೋ "ಸೆರಿಮೋನಿಯಲ್ ಗ್ರೇಡ್" ಅನ್ನೋದಕ್ಕೆ ಜಪಾನಿನಲ್ಲಿ ಯಾವ ಸರ್ಕಾರಿ ಮಾನದಂಡವೂ ಇಲ್ಲ. ಯಾರು ಬೇಕಾದ್ರೂ ಡಬ್ಬಿ ಮೇಲೆ ಬರೀಬಹುದು. "ಉಜಿ ಚಹಾ" ಅನ್ನೋ ಹೆಸರಿಗೂ ಒಂದು ಒಳಗುಟ್ಟಿದೆ. 2004ರಲ್ಲಿ ಕ್ಯೋಟೊದ ಚಹಾ ವ್ಯಾಪಾರಿಗಳ ಸಂಘ ಮಾಡಿಕೊಂಡ ವ್ಯಾಖ್ಯೆ ಪ್ರಕಾರ ಕ್ಯೋಟೊ, ನಾರಾ, ಶಿಗಾ, ಮಿಎ ಈ ನಾಲ್ಕೂ ಪ್ರಾಂತ್ಯದ ಎಲೆ, ಕ್ಯೋಟೊದವರು ಕ್ಯೋಟೊ ಪ್ರಾಂತ್ಯದಲ್ಲಿ ಸಂಸ್ಕರಿಸಿದ್ರೆ ಉಜಿ ಚಹಾ. ಹೊಂಚಾ, ಹಿಚಾ ಜಗಳ ಮುಗಿದಿಲ್ಲ ನೋಡಿ.

ಈಗ ಆ 40 ಗ್ರಾಂ ಲೆಕ್ಕಕ್ಕೆ ವಾಪಸ್ ಬರ್ತೀನಿ.

2010ರಲ್ಲಿ ಜಪಾನ್ ಬೆಳೆದ ತೆಂಚಾ 1,471 ಟನ್. 2023ಕ್ಕೆ 4,176 ಟನ್. ಹೆಚ್ಚು ಕಡಿಮೆ ಮೂರು ಪಟ್ಟು. ಆದ್ರೂ ಸಾಲಲಿಲ್ಲ. ಮೊಬೈಲ್ ಪರದೆಯಲ್ಲಿ ಹಸಿರು ಬಣ್ಣ ಚೆನ್ನಾಗಿ ಕಾಣುತ್ತೆ, ಯೆನ್ ಬೆಲೆ ಬಿದ್ದಿತ್ತು, ಪ್ರವಾಸಿಗಳು ನುಗ್ಗಿದರು. 2024ರ ಶರತ್ಕಾಲದಲ್ಲಿ ಇಪ್ಪೋದೊ, ಮಾರುಕ್ಯು ಕೊಯಾಮಾಎನ್ ಇಬ್ಬರೂ ಒಬ್ಬರಿಗೆ ಇಷ್ಟೇ ಡಬ್ಬಿ ಅಂತ ಮಿತಿ ಹಾಕಬೇಕಾಯ್ತು. ಶತಮಾನಗಳ ಅಂಗಡಿಯ ಕಪಾಟು ಖಾಲಿ. 2024ರ ಬೇಸಿಗೆಯ ವಿಪರೀತ ಸೆಖೆಯಿಂದ ಗಿಡಗಳು ಬಳಲಿ 2025ರ ಫಸಲೂ ಇಳೀತು. 2025ರ ಮೇ ತಿಂಗಳಲ್ಲಿ ಕ್ಯೋಟೊ ಹರಾಜಿನಲ್ಲಿ ತೆಂಚಾ ಸರಾಸರಿ ಕಿಲೋಗೆ 8,235 ಯೆನ್. ಹಿಂದಿನ ವರ್ಷಕ್ಕಿಂತ 170% ಜಾಸ್ತಿ. ಅದಕ್ಕೆ ಮುಂಚಿನ ದಾಖಲೆ 2016ರ 4,862 ಯೆನ್.

ರೈತರಿಗೆ ಒಳ್ಳೇದಾಯ್ತಲ್ಲ ಅಂತ ನೀವು ಕೇಳಬಹುದು. ಒಂದು ಮಟ್ಟಿಗೆ ಹೌದು, ಮತ್ತೆ ಅದರಲ್ಲಿ ಹೊಟ್ಟೆಕಿಚ್ಚು ಪಡೋ ಮಾತಿಲ್ಲ. ವರ್ಷಗಟ್ಟಲೆ ಸೆಂಚಾ ಬೆಲೆ ಕುಸಿದು ಕೈಸುಟ್ಟುಕೊಂಡವರು ಅವರು. ಆದ್ರೆ ಹೊಸ ಗಿಡ ನೆಟ್ರೆ ಸರಿಯಾದ ಫಸಲಿಗೆ ಐದು ವರ್ಷ ಬೇಕು. ತೋಟ ಮಾಡೋರಿಗೆ ವಯಸ್ಸಾಗಿದೆ, ಮಕ್ಕಳು ಊರು ಬಿಟ್ಟಿದ್ದಾರೆ. ಈ ಮಚ್ಚಾ ಹುಚ್ಚು ಐದು ವರ್ಷ ಇರುತ್ತೋ ಇಲ್ಲವೋ ಯಾರಿಗೆ ಗೊತ್ತು? ನಮ್ಮಲ್ಲಿ ವೆನಿಲ್ಲಾ ಬೆಲೆ ಏರಿದ್ದು ನೋಡಿ ಬಳ್ಳಿ ಹಬ್ಬಿಸಿದ ಮಲೆನಾಡಿನವರನ್ನ ಕೇಳಿ, ಈ ಭಯ ಏನು ಅಂತ ಅವರು ಹೇಳ್ತಾರೆ. ಇನ್ನು ಬೆಲೆ ಏರಿದ್ದರಿಂದ ಪೆಟ್ಟು ಬಿದ್ದದ್ದು ದಿನಾ ಒಂದು ಬಟ್ಟಲು ಕಡೆದು ಕುಡೀತಿದ್ದ ಕ್ಯೋಟೊದ ಸಾಮಾನ್ಯ ಮನೆಗಳಿಗೆ, ಹತ್ತು ಮಕ್ಕಳಿಗೆ ಚಹಾ ವಿದ್ಯೆ ಹೇಳಿಕೊಡೋ ಟೀಚರುಗಳಿಗೆ. ಜಾಡಿ ಮೆರವಣಿಗೆ ನಿಂತು ನೂರೈವತ್ತು ವರ್ಷ ಆದ ಮೇಲೂ ಒಳ್ಳೆ ಪುಡಿ ಅವರ ಮನೆ ಮುಂದಿಂದಲೇ ದೂರದೂರಿಗೆ ಹೊರಟಿದೆ. ಈ ಸಲ ತಲೆ ಬಗ್ಗಿಸಿ ಅಂತ ಯಾರೂ ಹೇಳಲ್ಲ, ಬೆಲೆ ಹೇಳ್ತಾರೆ ಅಷ್ಟೆ.

ಹಾಗಂತ ಕುಡೀಬೇಡಿ ಅಂತೀನಾ? ಖಂಡಿತ ಇಲ್ಲ. ಕುಡೀರಿ, ಆದ್ರೆ ಅಲ್ಲೇ ಕೂತು ಕುಡೀರಿ. ಹತ್ತು ಡಬ್ಬಿ ಸೂಟ್‌ಕೇಸಿಗೆ ತುಂಬಬೇಡಿ. ಪುಡಿಯಾದ ಎಲೆ ಗಾಳಿ ತಾಗಿದ ದಿನದಿಂದ ಮಂಕಾಗುತ್ತೆ, ಒಂದು ತಿಂಗಳೊಳಗೆ ಮುಗಿಸೋ ಅಷ್ಟು, 20 ಗ್ರಾಮಿನ ಒಂದು ಡಬ್ಬಿ ಸಾಕು. ಹಾಲು, ಸಕ್ಕರೆ, ಐಸ್ ಹಾಕಿ ಕುಡಿಯೋ ಆಸೆ ಇದ್ರೆ ಅಡುಗೆಗೆ ಅಂತಲೇ ಇರೋ ಕಡಿಮೆ ದರ್ಜೆ ಪುಡಿ ತಗೊಳ್ಳಿ, ಮೇಲಿನ ದರ್ಜೆಯದನ್ನ ಅದನ್ನ ಬರಿ ನೀರಲ್ಲಿ ಕುಡಿಯೋರಿಗೆ ಬಿಡಿ. ರುಚಿಯ ಲೆಕ್ಕದಲ್ಲೂ ಇದೇ ಸರಿ. ಹಾಲಿನ ಮಧ್ಯೆ ಆ ನೆರಳಿನ ಸಿಹಿ ನಿಮಗೆ ಗೊತ್ತೂ ಆಗಲ್ಲ.

ಒಟ್ಟಿನಲ್ಲಿ ನನ್ನ ಉತ್ತರ ಇಷ್ಟು. ಕ್ಯೋಟೊದಲ್ಲಿ ಒಳ್ಳೆ ಮಚ್ಚಾ ಸಿಗೋದು ಯಾರೋ ಒಬ್ಬರು ನಿಮಗಾಗಿ ಕೂತು ಕಡೆಯೋ ಜಾಗದಲ್ಲಿ, ಎಲೆ ಎಲ್ಲಿಂದ ಬಂತು ಅಂದ್ರೆ ತೋರಿಸೋ ಜಾಗದಲ್ಲಿ. ಅದು ಮುನ್ನೂರು ವರ್ಷದ ಅಂಗಡಿಯೇ ಆಗಬೇಕಿಲ್ಲ, ದೇವಸ್ಥಾನದ ಬಾಗಿಲ ಮುಂದಿನ ಗಾಡಿಯೂ ಆಗಬಹುದು. 1403ರಲ್ಲಿ ಆ ಮುಚ್ಚಳಿಕೆ ಬರೆದುಕೊಟ್ಟವರು ಮರುದಿನ ಬೆಂಕಿ ಎಲ್ಲಿಂದ ತಂದರೋ, ನೀರು ಎಲ್ಲಿಂದ ಸೇದಿದರೋ! ಒಂದು ಕಾಸಿಗೆ ಬಟ್ಟಲು ಕೊಡೋದನ್ನಂತೂ ನಿಲ್ಲಿಸಲಿಲ್ಲ.

ನಿಮ್ಮಲ್ಲಿ ಯಾರಾದ್ರೂ ಕುಡಿದಿದ್ರೆ ಹೇಳಿ, ಮೊದಲ ಗುಟುಕಿಗೆ ಏನನ್ನಿಸ್ತು? ನನ್ನ ಹೆಂಡತಿ ಮಾತ್ರ "ಒಂದೆಲಗದ ರಸಕ್ಕೆ ಇಷ್ಟೊಂದು ಸಂಭ್ರಮಾನಾ?" ಅಂದುಬಿಟ್ಟಳು :)